ಸಂಧಿವಾತ: ತಕ್ಕ ವೈದ್ಯರನ್ನು ಬೇಗ ಕಾಣಿರಿ

ಬಂಟ್ವಾಳ ತಾಲೂಕಿನ ಸಿದ್ಧಕಟ್ಟೆಯ ಆಸುಪಾಸಿನಲ್ಲಿ ಬೀಡಿ ಕಟ್ಟುವ ತಾಯಂದಿರು ಬೆರಳು ನೊಂದರೆ ದುಡಿಮೆಯ ಫಲವೆಂದು ಸಹಿಸುವುದುಂಟು. ಆದರೆ ಎರಡೂ ಕೈಗಳ ಸಣ್ಣ ಕೀಲುಗಳು ಊದಿಕೊಂಡು, ಬೆಳಗಿನ ಬಿಗಿತವು ಅರ್ಧ ಗಂಟೆಗೂ ಮೀರಿ ಉಳಿಯುತ್ತಿದ್ದರೆ ಅದು ರುಮಟಾಯ್ಡ್ ಸಂಧಿವಾತವಿರಬಹುದು. ದೇಹದ ರೋಗನಿರೋಧಕ ಶಕ್ತಿಯೇ ಕೀಲಿನ ಒಳಪೊರೆಯ ಮೇಲೆರಗುವ ವ್ಯಾಧಿಯಿದು.

ನೋವಿನ ಮಾತ್ರೆಯು ನೋವನ್ನು ತಗ್ಗಿಸೀತು, ಕೀಲಿನ ಹಾನಿಯನ್ನು ತಡೆಯದು. ಆದುದರಿಂದ ಊರಿನ ವೈದ್ಯರ ಚೀಟಿ ಪಡೆದು, ಮಂಗಳೂರಿನಂತಹ ನಗರದಲ್ಲಿ ರುಮಟಾಲಜಿಸ್ಟ್ ಎನಿಸಿದ ಸಂಧಿವಾತ ತಜ್ಞರನ್ನು ತಡಮಾಡದೆ ಕಾಣಬೇಕು. ಇವರು ಮೂಳೆ ಶಸ್ತ್ರಚಿಕಿತ್ಸಕರಲ್ಲ. ರಕ್ತದಲ್ಲಿ ಆರ್.ಎ. ಫ್ಯಾಕ್ಟರ್ ಕಾಣದಿದ್ದ ಮಾತ್ರಕ್ಕೆ ರೋಗವಿಲ್ಲವೆಂದು ತಿಳಿಯಬಾರದು.

ಅವರು ಮೆಥೊಟ್ರೆಕ್ಸೇಟ್ ಮಾತ್ರೆ ಬರೆದುಕೊಟ್ಟರೆ ವಾರಕ್ಕೊಮ್ಮೆ ಮಾತ್ರ ಸೇವಿಸಬೇಕು. ತಪ್ಪಿ ನಿತ್ಯವೂ ನುಂಗಿದರೆ ಪ್ರಾಣಾಪಾಯ. ನಿಗದಿತ ಕಾಲಕ್ಕೆ ರಕ್ತಪರೀಕ್ಷೆಯೂ ಅವಶ್ಯ. ನೋವು ಇಳಿಯಿತೆಂದು ಔಷಧ ಬಿಡದಿರಿ. ಕೈ ಉಳಿದರೆ ಕಾಯಕವೂ ಉಳಿದೀತು.