ಹಿಮ ಸುರಿದ ಬೆಳಿಗ್ಗೆ ಶಾಲೆ ಇದೆಯೋ, ಇಲ್ಲವೋ?

ಡಿಸೆಂಬರ್ ಬಂತೆಂದರೆ ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಿಗೆ ಒಂದು ಪತ್ರ ಬರುವುದು ರೂಢಿ. ಕಳಿಸುವವರು ಶಾಲೆಗಳನ್ನು ನಡೆಸುವ 'ಸ್ಕೂಲ್ ಬೋರ್ಡ್'ನವರು. ಹಿಂದೆ ಮಗುವಿನ ಚೀಲದಲ್ಲಿ ಮಡಿಸಿಟ್ಟ ಹಾಳೆಯಾಗಿ ಬರುತ್ತಿದ್ದದ್ದು ಈಗ ಇ-ಮೇಲ್ ಆಗಿದೆ. ಒಕ್ಕಣೆ ಮಾತ್ರ ಹೆಚ್ಚು ಬದಲಾಗಿಲ್ಲ. ಚಳಿಗಾಲದ ಎರಡು ವಾರದ ರಜೆ ಎಂದಿನಿಂದ ಎಂದಿನವರೆಗೆ, ಪ್ರಗತಿಪತ್ರ ಯಾವಾಗ ಕೈಸೇರುತ್ತದೆ, ಬರುವ ಸೆಪ್ಟೆಂಬರಿಗೆ ಶಿಶುವಿಹಾರಕ್ಕೆ ಹೆಸರು ಬರೆಸುವುದು ಯಾವಾಗ, ಮಗುವಿಗೆ ಟೋಪಿ, ಕೈಗವಸು, ಹಿಮದ ಬೂಟು ಮರೆಯದೆ ಹಾಕಿ ಕಳಿಸಿ... ಹೀಗೆ ಸಾಗುತ್ತದೆ. ಇವೆಲ್ಲದರ ನಡುವೆ ಇನ್ನೊಂದು ಭಾಗವಿರುತ್ತದೆ. ಹಿಮಪಾತವಾದ ದಿನ ಶಾಲೆ ಇದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಬಹಳಷ್ಟು ಪೋಷಕರು ಮೊದಲು ಹುಡುಕುವುದು ಅದನ್ನೇ.

ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡದ ಓದುಗರಿಗೆ ಈ ಕಾತರ ಹೊಸದೇನಲ್ಲ. ಜುಲೈ ತಿಂಗಳ ಮಳೆ ಜಡಿಯತೊಡಗಿದರೆ ರಾತ್ರಿ ಊಟವಾದ ಮೇಲೂ ಮಕ್ಕಳು ಮಲಗುವುದಿಲ್ಲ. ಜಿಲ್ಲಾಧಿಕಾರಿಗಳ ರಜೆ ಆದೇಶ ಬಂತೇ ಎಂದು ದೊಡ್ಡವರ ಬೆನ್ನುಬೀಳುತ್ತಾರೆ. ಬಂದರೆ ಮನೆಯಲ್ಲಿ ಜಯಘೋಷ. ಹೀಗೆ ಸಿಕ್ಕಿದ ರಜೆಯನ್ನು ಮುಂದೆ ಶನಿವಾರ ಮಧ್ಯಾಹ್ನವೂ ಪಾಠ ಕೇಳಿ ತೀರಿಸಬೇಕಾಗುತ್ತದೆ ಎಂಬುದು ಆ ಕ್ಷಣಕ್ಕೆ ಯಾರ ನೆನಪಿಗೂ ಬರುವುದಿಲ್ಲ!

ಒಂಟಾರಿಯೋದಲ್ಲಿ ಜಿಲ್ಲಾಧಿಕಾರಿಯಿಲ್ಲ. ಅಲ್ಲಿ ಆ ತೀರ್ಮಾನ ಬೋರ್ಡಿನದು.

ಏನಿದು ಬೋರ್ಡು?

ಬೋರ್ಡ್ ಎಂದೊಡನೆ ನಮ್ಮಲ್ಲಿ ನೆನಪಾಗುವುದು ಪರೀಕ್ಷಾ ಮಂಡಳಿ. ಅಲ್ಲಿನದು ಬೇರೆ. ಒಂದು ಊರಿನ ಅಥವಾ ಪ್ರದೇಶದ ಎಲ್ಲ ಸರ್ಕಾರಿ ಶಾಲೆಗಳನ್ನು ನಡೆಸುವ, ಉಪಾಧ್ಯಾಯರನ್ನು ನೇಮಿಸುವ, ಕಟ್ಟಡ ನೋಡಿಕೊಳ್ಳುವ, ಬಸ್ಸು ಓಡಿಸುವ ಸ್ಥಳೀಯ ಸಂಸ್ಥೆ ಅದು. ಒಂಟಾರಿಯೋದಲ್ಲಿ ಇಂಥ 72 ಬೋರ್ಡುಗಳಿವೆ. ಇಂಗ್ಲಿಷ್ ಮಾಧ್ಯಮದ ಸಾರ್ವಜನಿಕ ಬೋರ್ಡು 31, ಇಂಗ್ಲಿಷ್ ಕ್ಯಾಥೊಲಿಕ್ 29, ಫ್ರೆಂಚ್ ಸಾರ್ವಜನಿಕ 4, ಫ್ರೆಂಚ್ ಕ್ಯಾಥೊಲಿಕ್ 8. ನಾಲ್ಕೂ ಬಗೆಯವು ಸರ್ಕಾರದ ಹಣದಲ್ಲೇ ನಡೆಯುವಂಥವು. ಇವುಗಳಲ್ಲಿ ದೊಡ್ಡದು ಟೊರಾಂಟೋ ಜಿಲ್ಲಾ ಬೋರ್ಡು. 1998ರಲ್ಲಿ ಅಕ್ಕಪಕ್ಕದ ಬೋರ್ಡುಗಳನ್ನು ಒಂದುಗೂಡಿಸಿ ಅದನ್ನು ಕಟ್ಟಲಾಯಿತು. ಸುಮಾರು 580 ಶಾಲೆಗಳು, ಎರಡು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಮಕ್ಕಳು. ಕೆನಡಾದಲ್ಲೇ ಇದಕ್ಕಿಂತ ದೊಡ್ಡ ಬೋರ್ಡಿಲ್ಲ. ಆ ಮಕ್ಕಳ ಮನೆಗಳಲ್ಲಿ ಆಡುವ ಭಾಷೆಗಳು 120ಕ್ಕೂ ಮೇಲೆ.

ಬೋರ್ಡಿನ ಸದಸ್ಯರಿಗೆ 'ಟ್ರಸ್ಟಿ' ಎಂದು ಹೆಸರು. ನಗರಸಭೆಯ ಚುನಾವಣೆಯ ಜೊತೆಯಲ್ಲೇ ನಾಲ್ಕು ವರ್ಷಕ್ಕೊಮ್ಮೆ ಜನ ಇವರನ್ನು ಆರಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದದ್ದು. ವಿದ್ಯಾರ್ಥಿಗಳಿಗೆ ಕುತೂಹಲ ಹುಟ್ಟಿಸುವ ಇನ್ನೊಂದು ಸಂಗತಿಯಿದೆ. ಬೋರ್ಡಿನಲ್ಲಿ 'ವಿದ್ಯಾರ್ಥಿ ಟ್ರಸ್ಟಿ'ಗಳೂ ಇರುತ್ತಾರೆ. ಪ್ರೌಢಶಾಲೆಯ ಮೇಲಿನ ತರಗತಿಗಳಲ್ಲಿ ಓದುವ ಇವರನ್ನು ವಿದ್ಯಾರ್ಥಿಗಳೇ ಆರಿಸಿ ಕಳಿಸುವುದು. ಇವರ ಮತ ಲೆಕ್ಕಕ್ಕೆ ಸೇರುವುದಿಲ್ಲ ನಿಜ, ಆದರೆ ಸಭೆಯಲ್ಲಿ ಕೂತು ಮಾತಾಡಬಹುದು, ತಮ್ಮ ಅಭಿಪ್ರಾಯ ದಾಖಲಾಗಲಿ ಎಂದು ಪಟ್ಟು ಹಿಡಿಯಬಹುದು. ಹದಿನಾರು ಹದಿನೇಳರ ಹುಡುಗ ಹುಡುಗಿಯರು ಕೋಟಿಗಟ್ಟಲೆ ಡಾಲರಿನ ಬಜೆಟ್ಟಿನ ಬಗ್ಗೆ ಹಿರಿಯರೆದುರು ಪ್ರಶ್ನೆ ಎತ್ತುವುದು ಸಣ್ಣ ಮಾತಲ್ಲ.

ಕರ್ನಾಟಕದಲ್ಲಿ 2001ರಿಂದ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಒಂದು ರೀತಿಯಲ್ಲಿ ಇದರ ಕಿರಿಯ ಸಂಬಂಧಿ. ಆದರೆ ಎಸ್‌ಡಿಎಂಸಿ ಒಂದೊಂದು ಶಾಲೆಗೆ ಒಂದೊಂದು. ಅದರಲ್ಲಿ ಪೋಷಕರದೇ ಬಹುಮತ. ಅಲ್ಲಿನ ಬೋರ್ಡು ಅನೇಕ ಶಾಲೆಗಳಿಗೆ ಒಂದೇ.

ನಸುಕಿನ ತೀರ್ಮಾನ

ಹಿಮ ಬಿದ್ದ ರಾತ್ರಿ ಊರೆಲ್ಲ ಮಲಗಿರುವಾಗ ಕೆಲವರು ಎದ್ದಿರುತ್ತಾರೆ. ಹಿಮ ಗೋರುವ ಲಾರಿಗಳು ಎಷ್ಟು ರಸ್ತೆ ಬಿಡಿಸಿವೆ, ಬಸ್ ಗುತ್ತಿಗೆದಾರರು ಏನನ್ನುತ್ತಾರೆ, ಹವಾಮಾನ ಇಲಾಖೆಯ ಮುಂದಿನ ಆರು ಗಂಟೆಯ ಮಾತೇನು ಎಂದು ವಿಚಾರಿಸುತ್ತಾರೆ. ಅದೂ ಸಾಲದೆಂದು ಕೆಲವು ಕಡೆ ಅಧಿಕಾರಿಗಳು ತಾವೇ ಕಾರು ಹತ್ತಿ ರಸ್ತೆ ನೋಡಿಬರುವುದುಂಟು. ಬೆಳಗಿನ ಆರು ಗಂಟೆಯ ಸುಮಾರಿಗೆ ತೀರ್ಮಾನ ಹೊರಬೀಳಬೇಕು. ಏಳಕ್ಕೆ ಹೇಳಿದರೆ ಆಗಲೇ ಬಸ್ಸು ಹೊರಟಿರುತ್ತದೆ, ಅಪ್ಪ ಅಮ್ಮ ಕೆಲಸಕ್ಕೆ ಹೊರಟಿರುತ್ತಾರೆ.

ಹೊಸದಾಗಿ ಬಂದ ಕುಟುಂಬಗಳು ಎಡವುವುದು ಇಲ್ಲಿಯೇ. 'ಬಸ್ಸು ರದ್ದು' ಎಂದರೆ 'ಶಾಲೆ ರಜೆ' ಎಂದಲ್ಲ! ಒಂಟಾರಿಯೋದಲ್ಲಿ ಬಸ್ಸು ನಿಂತರೂ ಶಾಲೆಯ ಬಾಗಿಲು ತೆರೆದೇ ಇರುವುದು ಸಾಮಾನ್ಯ. ಹತ್ತಿರದ ಮಕ್ಕಳು ನಡೆದು ಬರುತ್ತಾರೆ. ದೂರದ ಮಗುವನ್ನು ಬೆಳಿಗ್ಗೆ ಕಾರಿನಲ್ಲಿ ಬಿಟ್ಟರೆ ಸಂಜೆಯೂ ತಾವೇ ಕರೆತರಬೇಕು, ಏಕೆಂದರೆ ಬೆಳಿಗ್ಗೆ ನಿಂತ ಬಸ್ಸು ಸಾಮಾನ್ಯವಾಗಿ ಸಂಜೆಯೂ ಬರುವುದಿಲ್ಲ. ಹವೆ ಸರಿಯಿಲ್ಲದ ದಿನ ಕಳಿಸುವುದು ಬಿಡುವುದು ಪೋಷಕರಿಗೆ ಬಿಟ್ಟದ್ದು ಎಂದೂ ಪತ್ರಗಳಲ್ಲಿ ಬರೆದಿರುತ್ತಾರೆ. ಕಳಿಸದಿದ್ದರೆ ಮಾತ್ರ ಶಾಲೆಗೆ ತಿಳಿಸಬೇಕು. ಪ್ರಾಥಮಿಕ ಶಾಲೆಯಲ್ಲಿ ಹೇಳದೆ ಕೇಳದೆ ಮಗು ಬಾರದಿದ್ದರೆ ಶಾಲೆಯಿಂದಲೇ ಮನೆಗೆ ಫೋನು ಬರುತ್ತದೆ. ಚಳಿಯ ನಾಡಿನಲ್ಲಿ ಮನೆಗೂ ಶಾಲೆಗೂ ನಡುವೆ ಎಲ್ಲೋ ಉಳಿದುಹೋದ ಮಗುವಿಗೆ ಅರ್ಧ ಗಂಟೆಯೂ ದೊಡ್ಡ ಸಮಯ.

ಈ ಎಚ್ಚರ ಸುಮ್ಮನೆ ಬಂದದ್ದಲ್ಲ. ಉತ್ತರ ಅಮೆರಿಕದ ಬಯಲುಸೀಮೆಯಲ್ಲಿ 1888ರ ಜನವರಿ 12ರಂದು ನಡೆದದ್ದನ್ನು ಅಲ್ಲಿನವರು ಇನ್ನೂ 'ಶಾಲಾಮಕ್ಕಳ ಹಿಮಗಾಳಿ' ಎಂದೇ ಕರೆಯುತ್ತಾರೆ. ಅಂದು ಬೆಳಿಗ್ಗೆ ನೆಬ್ರಾಸ್ಕ, ಡಕೋಟ ಪ್ರದೇಶಗಳಲ್ಲಿ ಹವೆ ಹಿತವಾಗಿತ್ತು. ಮಕ್ಕಳು ತೆಳುವಾದ ಬಟ್ಟೆಯಲ್ಲೇ ಒಂದೊಂದು ಕೋಣೆಯ ಹಳ್ಳಿ ಶಾಲೆಗಳಿಗೆ ಬಂದಿದ್ದರು. ಶಾಲೆ ನಡೆಯುತ್ತಿರುವಾಗಲೇ ಏಕಾಏಕಿ ಹಿಮಗಾಳಿ ಅಪ್ಪಳಿಸಿತು. ಚಾಚಿದ ಕೈ ಕಾಣದಂಥ ಬಿಳಿಗತ್ತಲೆ. ಮನೆಗೆ ಹೊರಟವರು ದಾರಿ ತಪ್ಪಿದರು. ಸತ್ತವರ ಸಂಖ್ಯೆ ಸುಮಾರು 235 ಎಂದು ಲೆಕ್ಕ ಹಾಕಿದ್ದಾರೆ. ಅವರಲ್ಲಿ ಅನೇಕರು ಮಕ್ಕಳು. ನೆಬ್ರಾಸ್ಕದ ಹರೆಯದ ಉಪಾಧ್ಯಾಯಿನಿ ಮಿನ್ನಿ ಫ್ರೀಮನ್ ತನ್ನ ಶಾಲೆ ಗಾಳಿಗೆ ಹಾಳಾದಾಗ ಮಕ್ಕಳನ್ನೆಲ್ಲ ಹತ್ತಿರದ ಮನೆಗೆ ನಡೆಸಿಕೊಂಡು ಹೋಗಿ ಉಳಿಸಿದಳು. ಮಕ್ಕಳನ್ನು ಹಗ್ಗದಿಂದ ಒಟ್ಟಿಗೆ ಕಟ್ಟಿದ್ದಳೆಂಬ ಕಥೆ ಆಮೇಲೆ ಬೆಳೆಯಿತು. ಕಟ್ಟಿದ್ದಳೋ ಇಲ್ಲವೋ, ಮಕ್ಕಳು ಬದುಕಿದ್ದು ನಿಜ. ಆ ದಿನ ಶಾಲೆ ಬಿಡಬೇಕೇ, ಮಕ್ಕಳನ್ನು ಒಳಗೇ ಇರಿಸಿಕೊಳ್ಳಬೇಕೇ ಎಂದು ಹೇಳುವವರು ಯಾರೂ ಇರಲಿಲ್ಲ. ಒಬ್ಬೊಬ್ಬ ಉಪಾಧ್ಯಾಯಿನಿ ಒಂಟಿಯಾಗಿ ತೀರ್ಮಾನಿಸಬೇಕಿತ್ತು.

ಟೊರಾಂಟೋದಂಥ ದೊಡ್ಡ ನಗರವೂ ಹಿಮದೆದುರು ಕೈಚೆಲ್ಲಿದ್ದುಂಟು. 1999ರ ಜನವರಿಯಲ್ಲಿ ರಸ್ತೆ ಬಿಡಿಸಲು ಅಲ್ಲಿನ ಮೇಯರ್ ಸೈನ್ಯವನ್ನೇ ಕರೆಸಿದರು. 2022ರ ಜನವರಿ 17ರ ಕಥೆ ಇನ್ನೂ ವಿಚಿತ್ರ. ಕೋವಿಡ್‌ನಿಂದಾಗಿ ಮನೆಯಲ್ಲೇ ಪಾಠ ಕೇಳುತ್ತಿದ್ದ ಮಕ್ಕಳು ಶಾಲೆಗೆ ಮರಳಬೇಕಿದ್ದ ದಿನ ಅದು. ಅಂದೇ ನಗರದ ಕೆಲವೆಡೆ ಅರ್ಧ ಮೀಟರಿಗೂ ಮೀರಿ ಹಿಮ ಸುರಿಯಿತು! ತೆರೆಯಬೇಕಿದ್ದ ಶಾಲೆಗಳು ಮತ್ತೆ ಮುಚ್ಚಿದವು.

ಮೈನಸ್ ಹತ್ತರಲ್ಲೂ ಆಟ

ಕರ್ನಾಟಕದಿಂದ ಬ್ರಾಂಪ್ಟನ್, ಮಿಸ್ಸಿಸಾಗಾ ಕಡೆಗೆ ಮಕ್ಕಳು ಮೊಮ್ಮಕ್ಕಳನ್ನು ನೋಡಲು ಹೋದ ಅಜ್ಜ ಅಜ್ಜಿಯರಿಗೆ ಒಂದು ಸಂಗತಿ ಅರಗುವುದೇ ಇಲ್ಲ. ಹೊರಗೆ ಮೈನಸ್ 10 ಡಿಗ್ರಿ ಇದ್ದರೂ ಶಾಲೆಯಲ್ಲಿ ಬಿಡುವಿನ ವೇಳೆ ಮಕ್ಕಳನ್ನು ಬಯಲಿಗೆ ಆಡಲು ಬಿಡುತ್ತಾರೆ. ನಾಲ್ಕು ವರ್ಷದ ಕೂಸನ್ನೂ! ಆದರೆ ಅಲ್ಲಿ ಚಳಿಯ ಲೆಕ್ಕವೇ ಬೇರೆ. ಉಷ್ಣಮಾಪಕದ ಅಂಕಿಗಿಂತ ಗಾಳಿ ಮುಖ್ಯ. ನಮ್ಮ ಮೈಯ ಸುತ್ತ ಬೆಚ್ಚಗಿನ ಗಾಳಿಯ ಒಂದು ತೆಳು ಪದರವಿರುತ್ತದೆ. ಬೀಸುಗಾಳಿ ಅದನ್ನು ಕಿತ್ತೊಯ್ಯುತ್ತದೆ. ಮೈನಸ್ 10 ಇರುವಾಗ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಚರ್ಮಕ್ಕೆ ಮೈನಸ್ 20ರಂತೆ ತಾಗುತ್ತದೆ. ಇದಕ್ಕೆ 'ವಿಂಡ್ ಚಿಲ್' ಎನ್ನುತ್ತಾರೆ. ಈಗ ಬಳಸುವ ಸೂತ್ರವನ್ನು ಕೆನಡಾ ಮತ್ತು ಅಮೆರಿಕ 2001ರಲ್ಲಿ ಒಟ್ಟಿಗೆ ಜಾರಿಗೆ ತಂದವು.

ವಿಂಡ್ ಚಿಲ್ ಮೈನಸ್ 28ರ ಆಸುಪಾಸಿಗೆ ಇಳಿಯಿತೆಂದರೆ ತೆರೆದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಮೂಗಿನ ತುದಿ, ಕಿವಿ, ಬೆರಳು ಮೊದಲು ಬಲಿಯಾಗುತ್ತವೆ. ಹಾಗಾಗಿ ಬಹಳಷ್ಟು ಬೋರ್ಡುಗಳು ಆ ಹೊತ್ತಿಗೆ ಆಟವನ್ನು ಒಳಗೇ ಇಟ್ಟುಕೊಳ್ಳುತ್ತವೆ. ಪತ್ರದಲ್ಲಿ ಕೈಗವಸಿನ ಬಗ್ಗೆ ಅಷ್ಟೊಂದು ಬರೆಯುವುದು ಇದಕ್ಕೇ. ಒಂದು ದಪ್ಪ ಕೋಟಿಗಿಂತ ಒಂದರ ಮೇಲೊಂದು ತೆಳು ಬಟ್ಟೆ ಒಳ್ಳೆಯದು, ಪದರಗಳ ನಡುವೆ ಗಾಳಿ ನಿಂತು ಬೆಚ್ಚಗಿಡುತ್ತದೆ. ಒದ್ದೆಯಾದ ಗವಸು ಗವಸಿಲ್ಲದ್ದಕ್ಕೆ ಸಮ. ಚೀಲದಲ್ಲಿ ಇನ್ನೊಂದು ಜೊತೆ ಇರಲಿ. ಎಲ್ಲದರ ಮೇಲೂ ಹೆಸರು ಬರೆಯಿರಿ. ಜಗತ್ತಿನ ಯಾವ ಮೂಲೆಯಲ್ಲಾದರೂ ಮಕ್ಕಳು ಕಳೆದುಕೊಳ್ಳುವುದರಲ್ಲಿ ಒಂದೇ!

ಒಂದು ದಿನದ ಬೆಲೆ

ಒಂಟಾರಿಯೋದಲ್ಲಿ ವರ್ಷಕ್ಕೆ ಕನಿಷ್ಠ 194 ಶಾಲಾ ದಿನಗಳನ್ನು ಮೊದಲೇ ಗೊತ್ತುಮಾಡಿರುತ್ತಾರೆ. ಹಿಮಕ್ಕೆ ಹೋದ ದಿನವನ್ನು ಜೂನ್ ಕೊನೆಯಲ್ಲಿ ಸೇರಿಸುವ ಕ್ರಮವಿಲ್ಲ. ಗಡಿಯಾಚೆ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 180 ದಿನದ ಲೆಕ್ಕ ಒಪ್ಪಿಸಬೇಕು. ನ್ಯೂಯಾರ್ಕ್ ನಗರ 2020ರಲ್ಲಿ ಇನ್ನು ಹಿಮದ ರಜೆಯೇ ಇಲ್ಲ, ಅಂದು ಮನೆಯಿಂದಲೇ ಪಾಠ ಎಂದು ಸಾರಿತು. 2024ರ ಫೆಬ್ರುವರಿ 13ರಂದು ಅದನ್ನು ಆಚರಣೆಗೆ ತಂದಾಗ ಲಕ್ಷಾಂತರ ಮಕ್ಕಳು ಒಟ್ಟಿಗೆ ಕಂಪ್ಯೂಟರ್ ತೆರೆದರು. ಒಳಗೆ ಹೋಗಲಾರದೆ ಅನೇಕರು ಬೆಳಗೆಲ್ಲ ಪರದೆ ನೋಡುತ್ತ ಕೂತರು. ಅಷ್ಟರಲ್ಲಿ ಹೊರಗಿನ ಹಿಮದಲ್ಲಿ ಒಂದು ಸುತ್ತು ಆಡಿಯಾದರೂ ಬರಬಹುದಿತ್ತು.

ರಜೆ ಎಂದರೆ ಎಲ್ಲರಿಗೂ ಒಂದೇ ಅಲ್ಲ. ಆಸ್ಪತ್ರೆಯ ದಾದಿ, ಕಾರ್ಖಾನೆಯ ಕೆಲಸಗಾರ, ಬಸ್ ಚಾಲಕ ಮನೆಯಿಂದ ಕೆಲಸ ಮಾಡಲಾರರು. ಏಳು ವರ್ಷದ ಮಗುವನ್ನು ಒಂಟಿಯಾಗಿ ಬಿಟ್ಟುಹೋಗುವಂತೆಯೂ ಇಲ್ಲ, ಅಜ್ಜಿ ಮನೆ ಪಕ್ಕದ ಬೀದಿಯಲ್ಲಿಲ್ಲ. ಊಟದ ಮಾತೂ ಇದೆ. ಅಮೆರಿಕದಲ್ಲಿ 1946ರಿಂದ ಶಾಲಾ ಊಟದ ಯೋಜನೆಯಿದ್ದು, ಮೂರು ಕೋಟಿಯಷ್ಟು ಮಕ್ಕಳು ಅದರಡಿ ಉಣ್ಣುತ್ತಾರೆ. ಶಾಲೆ ಮುಚ್ಚಿದ ದಿನ ಬಡವರ ಮನೆಯ ಮಗುವಿಗೆ ಆ ಊಟ ತಪ್ಪುತ್ತದೆ. ಸಿರಿವಂತ ಕೆನಡಾದಲ್ಲಿ ದೇಶಕ್ಕೆಲ್ಲ ಅನ್ವಯವಾಗುವ ಶಾಲಾ ಆಹಾರ ಕಾರ್ಯಕ್ರಮಕ್ಕೆ ಕೇಂದ್ರ ಸರ್ಕಾರ ಹಣ ತೆಗೆದಿಟ್ಟದ್ದೇ 2024ರಲ್ಲಿ ಎಂದರೆ ಅಚ್ಚರಿಯಾದೀತು. ಕರ್ನಾಟಕದ ಅಕ್ಷರ ದಾಸೋಹ ಆರಂಭವಾಗಿ ಆಗಲೇ ಎರಡು ದಶಕ ಕಳೆದಿತ್ತು.

ಪ್ರೌಢಶಾಲೆಯ ಕೊನೆಯ ವರ್ಷದವರಿಗೆ ಚಳಿಗಾಲ ಇನ್ನಷ್ಟು ಬಿಗಿ. ಒಂಟಾರಿಯೋದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಲು ಜನವರಿ ನಡುವಿನ ಗಡುವು, ತಿಂಗಳ ಕೊನೆಗೆ ಅರ್ಧವಾರ್ಷಿಕ ಪರೀಕ್ಷೆ. ಪರೀಕ್ಷೆಯ ದಿನವೇ ಹಿಮ ಬಿದ್ದು ಶಾಲೆ ಮುಚ್ಚಿದರೆ ಸಾಮಾನ್ಯವಾಗಿ ಅದನ್ನು ಮುಂದಿನ ಶಾಲಾ ದಿನಕ್ಕೆ ದೂಡುತ್ತಾರೆ. ಇದರ ಜೊತೆಗೆ ಡಿಪ್ಲೊಮಾ ಕೈಸೇರಬೇಕಾದರೆ 30 ಕ್ರೆಡಿಟ್ ಅಲ್ಲದೆ 40 ಗಂಟೆ ಸಮಾಜಸೇವೆಯನ್ನೂ ಮಾಡಿರಬೇಕು. ನೆರೆಮನೆಯ ವೃದ್ಧರ ಬಾಗಿಲ ಮುಂದಿನ ಹಿಮ ಗೋರಿಕೊಟ್ಟು ಗಂಟೆ ಕೂಡಿಸುವ ಹುಡುಗರೂ ಇದ್ದಾರೆ.

ಕೇಳುವುದು ಯಾರನ್ನು?

1997ರವರೆಗೆ ಒಂಟಾರಿಯೋದ ಬೋರ್ಡುಗಳು ತಮ್ಮ ಊರಿನ ಆಸ್ತಿ ತೆರಿಗೆಯಲ್ಲಿ ಶಾಲೆಗೆಷ್ಟು ಎಂದು ತಾವೇ ನಿರ್ಧರಿಸುತ್ತಿದ್ದವು. ಆ ವರ್ಷ ತಂದ ಕಾನೂನಿನಿಂದ ಹಣದ ಕೀಲಿಕೈ ಪ್ರಾಂತ ಸರ್ಕಾರದ ಕೈಸೇರಿತು. ಟ್ರಸ್ಟಿಗಳು ಉಳಿದರು, ಆದರೆ ಖರ್ಚಿಗೆ ಅಪ್ಪನ ಮುಂದೆ ಕೈಯೊಡ್ಡುವ ಮಕ್ಕಳಂತೆ ಉಳಿದರು. 2025ರ ಜೂನ್ ಕೊನೆಯಲ್ಲಿ ಸರ್ಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಲೆಕ್ಕಪತ್ರ ಸರಿಯಿಲ್ಲ, ಕೊರತೆ ಹೆಚ್ಚಿದೆ ಎಂದು ಟೊರಾಂಟೋ ಸೇರಿದಂತೆ ನಾಲ್ಕು ದೊಡ್ಡ ಬೋರ್ಡುಗಳಿಗೆ ತನ್ನ ಮೇಲ್ವಿಚಾರಕರನ್ನು ನೇಮಿಸಿತು. ಚುನಾಯಿತ ಟ್ರಸ್ಟಿಗಳ ಅಧಿಕಾರ ಅಲ್ಲಿಗೆ ನಿಂತಿತು. ಹಣ ಸಾಕಷ್ಟು ಕೊಡದೆ ಕೊರತೆಯ ದೂರು ಹೊರಿಸುವುದು ಎಂಥ ನ್ಯಾಯ ಎಂಬುದು ಟ್ರಸ್ಟಿಗಳ ವಾದ. ಸೋರಿಕೆ ತಡೆದು ತರಗತಿಗೆ ಹಣ ತಲುಪಿಸುತ್ತೇವೆ ಎಂಬುದು ಸರ್ಕಾರದ ಮಾತು. ಎರಡರಲ್ಲೂ ಹುರುಳಿರಬಹುದು. ಆದರೆ ಪೋಷಕರ ಕಷ್ಟ ಬೇರೆಯೇ. ಶಾಲೆಯ ಈಜುಕೊಳ ಮುಚ್ಚುತ್ತಾರಂತೆ, ವಿಶೇಷ ಮಕ್ಕಳ ಸಹಾಯಕಿಯನ್ನು ತೆಗೆಯುತ್ತಾರಂತೆ ಎಂದು ಸುದ್ದಿ ಬಂದರೆ ಹಿಂದೆ ತಮ್ಮ ವಾರ್ಡಿನ ಟ್ರಸ್ಟಿಗೆ ಫೋನು ಮಾಡುತ್ತಿದ್ದರು, ಸಂಜೆಯ ಬಹಿರಂಗ ಸಭೆಯಲ್ಲಿ ಎದ್ದುನಿಂತು ಕೇಳುತ್ತಿದ್ದರು. ಆರಿಸಿಬಂದವರು ಬಯ್ಗುಳವನ್ನಾದರೂ ಕೇಳಿಸಿಕೊಳ್ಳಲೇಬೇಕು. ನೇಮಕಗೊಂಡವರಿಗೆ ಆ ಹಂಗಿಲ್ಲ.

ಈ ದೂರಿಗೆ ಉತ್ತರವೆಂಬಂತೆ ಬೋರ್ಡುಗಳಲ್ಲಿ ವಿದ್ಯಾರ್ಥಿ ಮತ್ತು ಕುಟುಂಬಗಳಿಗೆ ನೆರವಿನ ಕಚೇರಿ ತೆರೆಯುವುದಾಗಿ ಸರ್ಕಾರ 2025ರಲ್ಲಿ ಪ್ರಕಟಿಸಿತು. ಮೊದಲು ಮೇಲ್ವಿಚಾರಕರಿರುವ ಬೋರ್ಡುಗಳಲ್ಲಿ, ಆಮೇಲೆ ಉಳಿದೆಡೆ ಎಂದಿತು. ಹಿಮದ ದಿನದ ತೀರ್ಮಾನಕ್ಕೆ ಮಾತ್ರ ಇದರಿಂದ ಬಾಧಕವಿಲ್ಲ. ಅದು ಮೊದಲಿನಿಂದಲೂ ಟ್ರಸ್ಟಿಗಳ ಮತಕ್ಕೆ ಹೋಗುವ ವಿಷಯವಾಗಿರಲಿಲ್ಲ. ನಸುಕಿನಲ್ಲಿ ಎದ್ದು ರಸ್ತೆ ವಿಚಾರಿಸುವ ಅಧಿಕಾರಿಗಳೇ ಮಾಡುವ ಕೆಲಸ ಅದು.