ಮಗು ಆಡ್ತಾ ಇದೆ, ಆಸ್ಪತ್ರೆ ಯಾಕೆ?

ಆನವಟ್ಟಿ: ಜ್ವರ ಬಂದರೆ ಆಸ್ಪತ್ರೆಗೆ ಓಡುವವರು ನಾವು. ಜ್ವರ ಇಲ್ಲ, ನೋವಿಲ್ಲ, ಮಗು ಅಂಗಳದಲ್ಲಿ ಕುಣೀತಾ ಇದೆ. ಆಗ ‘ಮೂರು ತಿಂಗಳಿಗೊಮ್ಮೆ ಬೆಂಗಳೂರಿಗೆ ಕರಕೊಂಡು ಬನ್ನಿ’ ಅಂತ ಡಾಕ್ಟರು ಹೇಳಿದರೆ? ‘ಚೆನ್ನಾಗಿರೋ ಮಗೂಗೆ ಇದೆಲ್ಲ ಯಾಕೆ’ ಅಂತ ಮನೆಯ ಹಿರಿಯರು ಗೊಣಗೋದು ಸಹಜ. ಆದರೆ ಸಿಸ್ಟಿಕ್ ಫೈಬ್ರೋಸಿಸ್ ಅನ್ನುವ ಕಾಯಿಲೆಯ ಮಟ್ಟಿಗೆ ಈ ಮಾತು ಕೇಳಿದರೆ ಕೆಟ್ಟಿತು.

ಹೆಸರು ನಾಲಿಗೆ ಹೊರಳದ್ದು. ಕಾಯಿಲೆ ಮಾತ್ರ ಹೊಸದಲ್ಲ. 1938ರಲ್ಲೇ ಅಮೆರಿಕದ ಡಾ. ಡೊರೊಥಿ ಆ್ಯಂಡರ್ಸನ್ ಇದನ್ನು ವಿವರಿಸಿದ್ದರು. ಮೂಲವಾದ ವಂಶವಾಹಿ ಸಿಕ್ಕಿದ್ದು 1989ರಲ್ಲಿ. ಅದು ಕೆಟ್ಟರೆ ಮೈಯೊಳಗೆ ಉಪ್ಪು ನೀರಿನ ಓಡಾಟ ತಪ್ಪಿ, ಕಫ ಗೋಂದಿನ ಹಾಗೆ ಗಟ್ಟಿಯಾಗುತ್ತೆ. ಎದೆಯಲ್ಲಿ ಕಟ್ಟಿಕೊಂಡ ಕಫದಲ್ಲಿ ರೋಗಾಣುಗಳು ಬೀಡುಬಿಡುತ್ತವೆ. ತಿಂದ ಜಿಡ್ಡು ಜೀರ್ಣವಾಗದೆ ಮಲದಲ್ಲಿ ಎಣ್ಣೆಯಾಗಿ ಹೋಗುತ್ತೆ. ಎಷ್ಟು ಉಂಡರೂ ಮಗು ಕಡ್ಡಿ! ಬೆವರು ಮಾತ್ರ ಉಪ್ಪೋ ಉಪ್ಪು, ಮುತ್ತಿಟ್ಟ ತಾಯಿಯ ತುಟಿಗೇ ಗೊತ್ತಾಗುವಷ್ಟು. ಕಾಯಿಲೆ ಪತ್ತೆ ಮಾಡೋದೂ ಬೆವರಿನ ಪರೀಕ್ಷೆಯಿಂದಲೇ.

ಇದು ಬಿಳಿಯರ ಕಾಯಿಲೆ, ನಮ್ಮಲ್ಲಿಲ್ಲ ಅಂತ ಬಹಳ ಕಾಲ ನಂಬಿದ್ದರು. ಕೆಮ್ಮು, ಸೊರಗು ಎರಡೂ ಕಂಡರೆ ಟಿ.ಬಿ. ಅಂತ ತಿಳಿದು ತಿಂಗಳುಗಟ್ಟಲೆ ಆ ಮಾತ್ರೆ ನುಂಗಿಸಿದ್ದೂ ಉಂಟು. ಇನ್ನು ಸೊಸೆಯನ್ನು ದೂರುವವರಿಗೆ ಒಂದು ಮಾತು: ದೋಷ ತಂದೆ ತಾಯಿ ಇಬ್ಬರಲ್ಲೂ ಅಡಗಿದ್ದರೆ ಮಾತ್ರ ಮಗುವಿಗೆ ಕಾಯಿಲೆ. ಹಾಗಿದ್ದಾಗ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಂಭವ. ಸೋದರ ಸಂಬಂಧದ ಮದುವೆಯಲ್ಲಿ ಇಬ್ಬರಲ್ಲೂ ಒಂದೇ ದೋಷ ಇರುವ ಸಂಭವ ಹೆಚ್ಚು.

ಮೂರು ತಿಂಗಳಿಗೊಮ್ಮೆ ಏನು ನೋಡ್ತಾರೆ?

ಮೊದಲು ತಕ್ಕಡಿ. ತೂಕ ಏರದೆ ನಿಂತಿತೋ, ಡಾಕ್ಟರ ಹುಬ್ಬು ಗಂಟಿಕ್ಕಿತು ಅಂತಲೇ ಲೆಕ್ಕ. ಊಟದ ಜೊತೆ ನುಂಗುವ ಕಿಣ್ವದ ಕ್ಯಾಪ್ಸೂಲಿನ ಪ್ರಮಾಣ ತೂಕದ ಮೇಲೇ ನಿಲ್ಲುತ್ತೆ. ಬೆಳೆದ ಮಗುವಿಗೆ ಕಳೆದ ವರ್ಷದ ಲೆಕ್ಕ ಸಾಲದು. ಆಮೇಲೆ ಕಫದ, ಇಲ್ಲವೇ ಗಂಟಲ ದ್ರವದ ಕಲ್ಚರ್. ಕುಣಿಯುವ ಮಗುವನ್ನೇ ಕರೆಯುವ ಗುಟ್ಟು ಇಲ್ಲಿದೆ. ಸ್ಯೂಡೋಮೊನಾಸ್ ಅನ್ನುವ ರೋಗಾಣು ಕೆಮ್ಮು ಜೋರಾಗುವ ಮೊದಲೇ ಎದೆ ಹೊಕ್ಕಿರಬಹುದು. ಆಗಲೇ ಹಿಡಿದರೆ ಔಷಧಿಯಲ್ಲಿ ಓಡಿಸಬಹುದು. ತಳವೂರಿದರೆ ಬಾಡಿಗೆದಾರನೇ ಮನೆ ಯಜಮಾನನಾದ ಹಾಗೆ, ಬಿಡಿಸೋದು ಕಷ್ಟ. ಐದಾರು ವರ್ಷ ದಾಟಿದವರಿಗೆ ಊದುವ ಪರೀಕ್ಷೆ. ಮನೆಯಲ್ಲಿ ತಾಯಿ ಬೆನ್ನು ತಟ್ಟಿ ಕಫ ಸಡಿಲ ಮಾಡುವ ರೀತಿ ಸರಿಯಿದೆಯೇ ಅಂತಲೂ ನೋಡ್ತಾರೆ.

ಇನ್ನೊಂದು ವಿಚಿತ್ರ. ಈ ಕಾಯಿಲೆಯ ಇಬ್ಬರು ಮಕ್ಕಳನ್ನು ಒಂದೇ ಬೆಂಚಿನಲ್ಲಿ ಕೂರಿಸಬಾರದು. ಒಬ್ಬರ ಎದೆಯ ರೋಗಾಣು ಇನ್ನೊಬ್ಬರಿಗೆ ಹತ್ತಿದರೆ ಅಪಾಯ. ಬಸ್ಸಿನ ಸಹಪ್ರಯಾಣಿಕರು ಹೆದರಬೇಕಿಲ್ಲ, ಕಾಯಿಲೆ ಹುಟ್ಟಿನಿಂದ ಬಂದದ್ದು, ಅಂಟುವುದಲ್ಲ. ಬೇಸಿಗೆಯಲ್ಲಿ ಬೆವರಿದರೆ ಉಪ್ಪು ಸೋರಿ ಮಗು ಸುಸ್ತಾಗುತ್ತೆ, ಅದಕ್ಕೇ ತಾಯಿಯ ಚೀಲದಲ್ಲಿ ಉಪ್ಪಿನ ಪೊಟ್ಟಣ.

ಖರ್ಚಿನ ಮಾತು: ಕೇಂದ್ರದ 2021ರ ಅಪರೂಪದ ಕಾಯಿಲೆಗಳ ನೀತಿಯ ಪಟ್ಟಿಯಲ್ಲಿ ಈ ಕಾಯಿಲೆಯ ಕಿಣ್ವವೂ, ಕಫ ತೆಳುಮಾಡುವ ಡಿಎನ್‌ಏಸ್ ಔಷಧವೂ ಇವೆ. ನೆರವಿನ ಮಿತಿ 2022ರಲ್ಲಿ 50 ಲಕ್ಷ ರೂಪಾಯಿಗೆ ಏರಿತು. ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಈ ನೀತಿಯಡಿ ಗುರುತಾದ ಕೇಂದ್ರ. ಆದರೆ ಅದು ಆನವಟ್ಟಿಯಿಂದ 300 ಕಿ.ಮೀ.ಗೂ ಆಚೆ! 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತಾಯಿಗೆ ಟಿಕೆಟ್ ಚಿಂತೆ ತಪ್ಪಿತು ಅನ್ನಿ. ಹೋಗಿ ಬರುವ ಎರಡು ದಿನದ ಕೂಲಿ? ಜೋಳದ ಸುಗ್ಗಿ ಬಂದಾಗ ಮೊದಲು ತಪ್ಪೋದೇ ಈ ಪ್ರಯಾಣ.

ತೂಕ ನೋಡೋಕೂ ಬೆಂಗಳೂರೇ ಆಗಬೇಕೆ? ಇಂಗ್ಲೆಂಡಿನಲ್ಲಿ ಊರಿನ ಆಸ್ಪತ್ರೆ, ದೊಡ್ಡ ಆಸ್ಪತ್ರೆ ಎರಡೂ ಮಗುವನ್ನು ಹಂಚಿಕೊಂಡು ನೋಡುವ ಪದ್ಧತಿ ಇದೆ. ತೂಕ, ಕಲ್ಚರ್ ಎಲ್ಲ ಶಿವಮೊಗ್ಗದ ಮೆಗ್ಗಾನ್‌ನಲ್ಲಿ ಮುಗಿಸಿ, ವರದಿ ಅಲ್ಲಿಗೆ ಕಳಿಸಿ, ವರ್ಷಕ್ಕೆ ಒಂದೆರಡು ಸಲ ಮಾತ್ರ ಮಗುವನ್ನು ಕರೆಸಿಕೊಳ್ಳುವ ಏರ್ಪಾಡಿಗೆ ಆರೋಗ್ಯ ಇಲಾಖೆ ಏನನ್ನುತ್ತೆ?