ನಿಮಗಿದು ಗೊತ್ತೆ? ಮಿಕ್ಕ ಸೋಲಾರ್ ಕರೆಂಟಿನಿಂದ ಸ್ನಾನದ ಬಿಸಿನೀರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲಿ ಬಿಸಿಲಿಗೆ ಬರವಿಲ್ಲ. ಚಾವಣಿಯ ಮೇಲಿನ 1 ಕಿಲೋವ್ಯಾಟ್ ಸೌರ ಫಲಕ ಒಳ್ಳೆಯ ಬಿಸಿಲಿನ ದಿನ ಸುಮಾರು 4 ಯೂನಿಟ್ ವಿದ್ಯುತ್ ಕೊಡುತ್ತದೆ. 100 ಲೀಟರ್ ನೀರನ್ನು 25ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ! ಮನೆಯಲ್ಲಿ ಬಳಸಿ ಮಿಕ್ಕ ವಿದ್ಯುತ್ ಹೆಸ್ಕಾಂ ತಂತಿಗೆ ಹರಿಯುವುದನ್ನು ಗುರುತಿಸಿ, ಅಷ್ಟನ್ನೇ ಗೀಸರ್ ಕಾಯಿಲ್‌ಗೆ ತಿರುಗಿಸುವ ಸಾಧನವೇ ಡೈವರ್ಟರ್. ಬ್ರಿಟನ್, ಆಸ್ಟ್ರೇಲಿಯಾದ ಮನೆಗಳಲ್ಲಿ ಇದು ಬಳಕೆಯಲ್ಲಿದೆ.

ನೆಟ್ ಮೀಟರ್ ಇದ್ದವರು ಮಾತ್ರ ಮೊದಲು ಲೆಕ್ಕ ಹಾಕಲೇಬೇಕು. ಹೊರಗೆ ಕೊಟ್ಟ ಯೂನಿಟ್ ಬಿಲ್ಲಿನಲ್ಲಿ ವಜಾ ಆಗುವುದರಿಂದ, ತಿಂಗಳ ಕೊನೆಗೂ ಮಿಕ್ಕುವಷ್ಟು ಉತ್ಪಾದನೆ ಇದ್ದರಷ್ಟೇ ಡೈವರ್ಟರ್‌ನಿಂದ ಲಾಭ. ಬರೀ ನೀರು ಕಾಯಿಸುವುದಕ್ಕಾದರೆ, ಬಿಸಿಲಿನ ಶಾಖವನ್ನೇ ಹಿಡಿಯುವ ಸೋಲಾರ್ ವಾಟರ್ ಹೀಟರ್ ಇನ್ನೂ ಕಡಿಮೆ ಜಾಗದಲ್ಲಿ ಕೆಲಸ ಮುಗಿಸುತ್ತದೆ.